ಗೈಡ್ ಆರಿಸುವ ಮೊದಲು ಅವರ ಪೇಪರ್ ಪಟ್ಟಿ ಹೀಗೆ ಓದಿ

ಮೇ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಕಲಬುರಗಿ ಬಿಸಿಲು, ಒಳಗೆ ಕೂಲರ್ ಗುರ್ ಅನ್ನುತ್ತಿತ್ತು. ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟಳು. ಪಿಎಚ್‌ಡಿಗೆ ಫೆಲೋಶಿಪ್ ಕೊಡಿಸುವ ಜೆಆರ್‌ಎಫ್ ಪರೀಕ್ಷೆ ಪಾಸಾಗಿತ್ತು. ಪಿಎಚ್‌ಡಿ ಮಾಡಿದರೆ ಮಾಲಿಕ್ಯುಲರ್ ನ್ಯೂರೋಸೈನ್ಸ್‌ನಲ್ಲೇ ಮಾಡೋದು ಅಂತ ಹಟ. ಹಾಳೆಯಲ್ಲಿ ಐದು ಪ್ರೊಫೆಸರ್‌ಗಳ ಹೆಸರು ಬರೆದಿದ್ದಳು, ಪಕ್ಕದಲ್ಲಿ ಒಂದೊಂದು ಸಂಖ್ಯೆ.

“ಚಿಗವ್ವ, ಇವರದು ಎಚ್-ಇಂಡೆಕ್ಸ್ 41 ಅದ. ಇವರದು ಬರೇ 14. 41 ಇದ್ದವರ ಕಡೇನೇ ಹೋಗ್ಲೇನು?”

ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ 19 ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ವರ್ಷಕ್ಕೆ ಇಬ್ಬರು ಮೂವರಾದರೂ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಎಚ್-ಇಂಡೆಕ್ಸ್ ಅಂದರೆ ಒಬ್ಬರ ಪೇಪರ್‌ಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ನೋಡಿ ತೆಗೆಯುವ ಸಂಖ್ಯೆ. ಮೊದಲು ಆ ಸಂಖ್ಯೆಗಳನ್ನು ಕೈಯಿಂದ ಮುಚ್ಚಿಬಿಡಿ. ಕೊನೆಗೆ ತೆಗೆಯೋಣ.

ಪಟ್ಟಿಯಲ್ಲಿರುವ ಪೇಪರ್‌ಗಳು ನಿಜಕ್ಕೂ ಅವರದೇನಾ ಅಂತ ನೋಡಿ. ಸುಮ್ನೆ ಹೇಳುತ್ತಿಲ್ಲ, ನಾನೇ ಪೆಟ್ಟು ತಿಂದಿದ್ದೇನೆ. ನಾನು ಪಾಟೀಲ. ನಮ್ಮ ಕಡೆ ಪಾಟೀಲರಿಲ್ಲದ ಓಣಿ ಇಲ್ಲ. ವೈದ್ಯಕೀಯ, ಜೀವವಿಜ್ಞಾನದ ಪೇಪರ್‌ಗಳನ್ನು ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ‘ಪಾಟೀಲ ಎಸ್’ ಅಂತ ಹೊಡೆದರೆ ಕಣ್ಣಿನ ಡಾಕ್ಟರು, ಔಷಧ ಮಾಡುವವರು, ಬೆಳೆ ರೋಗದವರು ಎಲ್ಲರೂ ಬರುತ್ತಾರೆ. ಕೆಲವು ವರ್ಷದ ಹಿಂದೆ ಒಂದು ಬೆಳಗ್ಗೆ ನೋಡಿದರೆ ಗೂಗಲ್ ಸ್ಕಾಲರ್‌ನಲ್ಲಿ ನನ್ನ ಎಚ್-ಇಂಡೆಕ್ಸ್ 4 ಇದ್ದದ್ದು 11 ಆಗಿತ್ತು! ಮನೆಯವರಿಗೂ ಹೇಳಿಬಿಟ್ಟೆ. ಸಂಜೆ ಪಟ್ಟಿ ಬಿಚ್ಚಿದರೆ ಇನ್ಯಾರೋ ಪಾಟೀಲರ ಹಲ್ಲಿನ ಪೇಪರ್‌ಗಳು ನನ್ನ ಹೆಸರಿಗೆ ಬಂದು ಕೂತಿದ್ದವು. ಹೊಸ ಪೇಪರ್ ತಾನಾಗಿ ಸೇರಲಿ ಅಂತ ನಾನೇ ಎಂದೋ ಒಪ್ಪಿಗೆ ಕೊಟ್ಟಿದ್ದೆ. ಒಂದೊಂದಾಗಿ ತೆಗೆದೆ. ಮತ್ತೆ 4. ಪ್ರೊಫೈಲ್ ಇದ್ದವರೆಲ್ಲ ಹೀಗೆ ತೆಗೆಯುತ್ತಾರೆ ಅಂತ ನಂಬಬೇಡಿ. ಆರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಬಂದಿರುವುದೇ ಈ ಗೊಂದಲಕ್ಕೆ. ನಿಮ್ಮ ಪ್ರೊಫೆಸರ್‌ಗೆ ಅದು ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಊರಿನ ಹೆಸರೂ ತೊಂದರೆ ಕೊಡುತ್ತದೆ. ನಮ್ಮೂರಿನ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಅದಕ್ಕೂ ಮೊದಲಿನ ಪೇಪರ್‌ಗಳಲ್ಲಿ ವಿಳಾಸ ಗುಲ್ಬರ್ಗಾ ಅಂತ ಇದೆ. ಕಲಬುರಗಿ ಅಂತ ಮಾತ್ರ ಹುಡುಕಿದರೆ ಇಲ್ಲಿನ ಹಿರಿಯರ ಎಷ್ಟೋ ಕೆಲಸ ಸಿಗುವುದೇ ಇಲ್ಲ. ಎರಡೂ ಹಾಕಿ ಹುಡುಕಿ. ಬೆಂಗಳೂರು, ಮೈಸೂರಿಗೂ ಇದೇ ಮಾತು.

ಈಗ ಮುಖ್ಯ ಕೆಲಸ. ಪೇಪರ್‌ನಲ್ಲಿ ಅವರ ಹೆಸರು ಎಲ್ಲಿದೆ? ಗಣಿತದವರು ಹೆಸರುಗಳನ್ನು ಹೆಚ್ಚಾಗಿ ಅಕ್ಷರದ ಸಾಲಿನಲ್ಲಿ ಹಾಕುತ್ತಾರೆ. ಜೀವಶಾಸ್ತ್ರದಲ್ಲಿ ಹಾಗಲ್ಲ. ಇಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ನಡುವಿನವರು ಒಂದು ಭಾಗಕ್ಕೆ ಕೈ ಜೋಡಿಸಿದವರು. ನೀವು ಹುಡುಕುವುದು ಗೈಡನ್ನು. ಹಾಗಾಗಿ ಅವರ ಹೆಸರು ಕೊನೆಯಲ್ಲಿ ಇರುವ ಪೇಪರ್‌ಗಳನ್ನು ಬೇರೆ ಮಾಡಿ. ಪಬ್‌ಮೆಡ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಕೊನೆಯ ಲೇಖಕರ ಹೆಸರಿಂದಲೇ ಹುಡುಕುವ ಆಯ್ಕೆ ಇದೆ. ಕಾಸು ಕೊಡಬೇಕಿಲ್ಲ.

ನಮ್ಮ 41ರವರ ಪಟ್ಟಿಯನ್ನು ಹೀಗೆ ಜರಡಿ ಹಿಡಿದೆವು. ಅತಿ ಜಾಸ್ತಿ ಸೈಟೇಶನ್, ಅಂದರೆ ಬೇರೆಯವರ ಉಲ್ಲೇಖ, ಇದ್ದ ಮೂರು ಪೇಪರ್‌ಗಳೂ ದೇಶದೇಶಗಳ ಲ್ಯಾಬ್‌ಗಳು ಸೇರಿ ಮಾಡಿದ ಜೀನೋಮ್ ಅಧ್ಯಯನಗಳು. ಒಂದೊಂದರಲ್ಲಿ ನೂರಾರು ಹೆಸರು. ಇವರ ಹೆಸರು ಹುಡುಕಲು ಕಂಟ್ರೋಲ್ ಎಫ್ ಒತ್ತಬೇಕಾಯಿತು. ಅದು ತಪ್ಪೇನಲ್ಲ, ಅಂಥ ಕೆಲಸವೂ ಬೇಕು. ಆದರೆ ಆ ಸಾವಿರಾರು ಸೈಟೇಶನ್‌ ನೋಡಿ ಅವರ ಲ್ಯಾಬಿನಲ್ಲಿ ಏನು ನಡೆಯುತ್ತದೆ ಅಂತ ತಿಳಿಯುವುದಿಲ್ಲ.

ಪೇಪರ್ ಯಾವ ಜಾತಿಯದು ಅಂತಲೂ ನೋಡಬೇಕು. ಬೇರೆಯವರ ಕೆಲಸವನ್ನೆಲ್ಲ ಓದಿ ಒಟ್ಟುಮಾಡಿ ಬರೆಯುವ ರಿವ್ಯೂಗೆ ಸೈಟೇಶನ್ ಬೇಗ ಸೇರುತ್ತದೆ. ಪ್ರಯೋಗದ ವಿಧಾನ ಹೇಳುವ ಪೇಪರ್‌ಗಂತೂ ಕೇಳಲೇಬೇಡಿ. ಪ್ರೋಟೀನ್ ಅಳೆಯುವ ಲೌರಿ ವಿಧಾನ ನಮ್ಮ ಎಂಎಸ್ಸಿ ಪ್ರಾಕ್ಟಿಕಲ್‌ನಲ್ಲೇ ಇತ್ತು. ಟ್ಯೂಬ್ ನೀಲಿ ಬಣ್ಣಕ್ಕೆ ತಿರುಗುವುದನ್ನು ಕಾಯುತ್ತಾ ನಿಲ್ಲುತ್ತಿದ್ದೆವು. ಆ ವಿಧಾನದ 1951ರ ಪೇಪರ್‌ಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಶನ್ ಇದೆ. ಅದು ಜೀವದ ಯಾವ ಗುಟ್ಟನ್ನೂ ಬಿಚ್ಚಿಡಲಿಲ್ಲ. ಎಲ್ಲರಿಗೂ ಬೇಕಾದ ಒಂದು ಅಳತೆ ಕೊಟ್ಟಿತು, ಅಷ್ಟೇ.

ಇದಕ್ಕೆ ಉಲ್ಟಾ, ಕಷ್ಟದ ಪ್ರಯೋಗದ ಪೇಪರ್ ನಿಧಾನ. ನರಕೋಶಗಳು ಕೂಡುವ ಜಾಗದಲ್ಲಿ ಒಂದು ಪ್ರೋಟೀನ್ ಏನು ಮಾಡುತ್ತದೆ ಅಂತ ತಿಳಿಯಬೇಕು ಅನ್ನಿ. ಅದರ ಜೀನ್ ತೆಗೆದ ಇಲಿಗಳನ್ನು ಬೆಳೆಸಬೇಕು. ಇಲಿ ಮರಿ ಹಾಕಲು ಮೂರು ವಾರ. ಆ ಮರಿ ಬೆಳೆದು ಜೋಡಿಯಾಗಲು ಇನ್ನೂ ಆರೇಳು ವಾರ. ಹೀಗೆ ಕೆಲವು ತಲೆಮಾರು ದಾಟಬೇಕು. ಆಮೇಲೆ ನೆನಪಿನ ಪರೀಕ್ಷೆ, ಮಿದುಳಿನ ತೆಳು ಹೋಳಿನಲ್ಲಿ ವಿದ್ಯುತ್ ಅಳತೆ. ಎರಡು ವರ್ಷ ಪೇಪರ್ ಇಲ್ಲದಿದ್ದರೆ ‘ಇವರು ಕೆಲಸ ಬಿಟ್ಟರು’ ಅನ್ನಬೇಡಿ. ಇಲಿ ಕಾಯುತ್ತಿರಬಹುದು.

ಇನ್ನು, ಅವರ ಪೇಪರನ್ನು ಬೇರೆಯವರು ಯಾಕೆ ಉಲ್ಲೇಖಿಸಿದ್ದಾರೆ? ‘ಸೈಟೆಡ್ ಬೈ’ ಒತ್ತಿ ನಾಲ್ಕೈದನ್ನಾದರೂ ತೆರೆಯಿರಿ. ಒಬ್ಬರು ಹೊಗಳಲು ಹೆಸರು ಹೇಳುತ್ತಾರೆ, ಇನ್ನೊಬ್ಬರು ‘ನಮಗೆ ಆ ಫಲಿತಾಂಶ ಬರಲಿಲ್ಲ’ ಅನ್ನಲು ಹೇಳುತ್ತಾರೆ. ಲೆಕ್ಕದಲ್ಲಿ ಎರಡೂ ಒಂದೇ. ಆಲ್‌ಝೈಮರ್ ಕಾಯಿಲೆಯ ಬಗ್ಗೆ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಪೇಪರ್ ಎರಡು ಸಾವಿರಕ್ಕೂ ಜಾಸ್ತಿ ಸಲ ಉಲ್ಲೇಖವಾಗಿತ್ತು. ಚಿತ್ರಗಳನ್ನು ತಿದ್ದಿದ್ದಾರೆ ಎಂಬ ಪ್ರಶ್ನೆ ಎದ್ದು, 2024ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಪೇಪರ್ ಹೋದರೂ ಉಲ್ಲೇಖಗಳು ಹಾಗೇ ಉಳಿದಿವೆ. ಪಬ್‌ಮೆಡ್ ಅಂಥ ಪೇಪರ್‌ನ ಮೇಲೆ ಎದ್ದು ಕಾಣುವಂತೆ ಗುರುತು ಹಾಕಿರುತ್ತದೆ, ಕಣ್ಣಿಡಿ.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಒಂದೇ ಮಾತು: ಅದು ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಸಿಕ್ಕ ಸೈಟೇಶನ್‌ಗಳ ಸರಾಸರಿ. ಪತ್ರಿಕೆಯ ಲೆಕ್ಕ ಅದು, ವ್ಯಕ್ತಿಯದಲ್ಲ.

ಈಗ ಕೈ ತೆಗೆದು ಸಂಖ್ಯೆ ನೋಡಿ. ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಹೊರ್ಗೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದರು. ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇದ್ದದ್ದು ಮೊದಲು ಬರುವಂತೆ ಜೋಡಿಸಿ: 40, 22, 9, 6, 5, 3. ಐದನೆಯದಕ್ಕೆ ಐದು ಇದೆ, ಆರನೆಯದಕ್ಕೆ ಆರು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 5. ಹತ್ತು ಅಥವಾ ಜಾಸ್ತಿ ಸೈಟೇಶನ್ ಇರುವುದು ಎರಡೇ, ಅದಕ್ಕೆ ಐ10 ಇಂಡೆಕ್ಸ್ 2. ಇಷ್ಟೇ ಲೆಕ್ಕ, ಕಿರಾಣಿ ಚೀಟಿಗಿಂತ ಸುಲಭ ಅಲ್ವಾ? ವಯಸ್ಸಾದಂತೆ ಇದು ಏರುತ್ತದೆ, ಇಳಿಯುವುದಿಲ್ಲ. ಅದಕ್ಕೇ ಗೂಗಲ್ ಸ್ಕಾಲರ್‌ನಲ್ಲಿ ಇತ್ತೀಚಿನ ವರ್ಷಗಳ ಕಾಲಂ ಬೇರೆ ಇದೆ, ಅದನ್ನು ನೋಡಿ. ಥೀಸಿಸ್, ಪತ್ರಿಕೆಯಲ್ಲಿ ಬರುವ ಮೊದಲೇ ಹಾಕುವ ಪ್ರೀಪ್ರಿಂಟ್ ಎಲ್ಲವನ್ನೂ ಎಣಿಸುವುದರಿಂದ ಅಲ್ಲಿನ ಸಂಖ್ಯೆ ಸ್ಕೋಪಸ್ ಎಂಬ ಇನ್ನೊಂದು ತಾಣದ್ದಕ್ಕಿಂತ ಸಾಮಾನ್ಯವಾಗಿ ದೊಡ್ಡದು. ಒಬ್ಬರದನ್ನು ಇಲ್ಲಿಂದ, ಇನ್ನೊಬ್ಬರದನ್ನು ಅಲ್ಲಿಂದ ತಂದು ಹೋಲಿಸಬೇಡಿ. ನನ್ನ ಹುಡುಗಿ ಅದನ್ನೇ ಮಾಡಿದ್ದಳು.

14ರವರು ಲ್ಯಾಬ್ ಶುರು ಮಾಡಿ ಎಂಟು ವರ್ಷ ಆಗಿತ್ತು. ಕೊನೆಯ ಹೆಸರಾಗಿ ಒಂಬತ್ತು ಪೇಪರ್, ಏಳರಲ್ಲಿ ಮೊದಲ ಹೆಸರು ಅವರ ವಿದ್ಯಾರ್ಥಿಗಳದೇ. ನಮ್ಮ ದೇಶದ ಪಿಎಚ್‌ಡಿ ಥೀಸಿಸ್‌ಗಳನ್ನು ಇಡುವ ಶೋಧಗಂಗಾ ತಾಣದಲ್ಲಿ ಆ ವಿದ್ಯಾರ್ಥಿಗಳಲ್ಲಿ ಇಬ್ಬರ ಥೀಸಿಸ್ ಸಿಕ್ಕವು. ಸೇರಿದ ವರ್ಷ, ಮುಗಿಸಿದ ವರ್ಷ ಎರಡನ್ನೂ ಬರೆದುಕೊಂಡೆವು. ಆಮೇಲೆ ಇಬ್ಬರಿಗೂ ಮೇಲ್ ಹಾಕು ಅಂದೆ. ಲ್ಯಾಬಿನಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ, ಫೆಲೋಶಿಪ್ ಮುಗಿದ ಮೇಲೆ ಏನು ಮಾಡಿದಿರಿ ಅಂತ ಕೇಳು ಅಂದೆ. ಒಬ್ಬಳು ಉತ್ತರಿಸಲಿಲ್ಲ. ಇನ್ನೊಬ್ಬಳು ಅವತ್ತೇ ರಾತ್ರಿ ಫೋನ್ ಮಾಡಿದಳು. ಇವಳು ಮಾಳಿಗೆ ಮೇಲೆ ಹೋಗಿ ಮುಕ್ಕಾಲು ಗಂಟೆ ಮಾತಾಡಿದಳು. ಇಳಿದು ಬಂದು ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿನ ಟಿಕೆಟ್ ಇದೆಯಾ ಅಂತ ನೋಡತೊಡಗಿದಳು.