ಸ್ಟಾಪ್‌ವಾಚ್ ಹಿಡಿದ ಮೇಲೆ ತಿಳಿದ ನಮ್ಮ ವೇಗ

ನಾನು ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚ್. ನಮ್ಮ ಆಟ ತುಂಬಾ ನಿಧಾನ ಎಂದು ನೋಡಿದವರೆಲ್ಲ ಹೇಳುತ್ತಿದ್ದರು. ನಾನೂ ನಂಬಿದೆ. ಎರಡು ತಿಂಗಳು ಬೆಳಗ್ಗೆ ಬೆಳಗ್ಗೆ ಓಡಿಸಿದೆ. ಹುಡುಗಿಯರ ದಮ್ಮು ಹೆಚ್ಚಿತು, ಆಟದ ವೇಗ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಪೊಸೆಷನ್ ಎಣಿಸಲು ಕೂತೆ. ಅಂದರೆ ಚೆಂಡು ಎಷ್ಟು ಸಲ ಒಂದು ತಂಡದ ಪಾಲಿಗೆ ಬಂತು ಎಂಬ ಲೆಕ್ಕ. ಹಾಕಿದ ಒಟ್ಟು ಶಾಟ್‌ಗಳಿಗೆ ಟರ್ನೋವರ್, ಅಂದರೆ ಶಾಟ್ ಹಾಕುವ ಮೊದಲೇ ಚೆಂಡು ಕಳೆದುಕೊಂಡದ್ದನ್ನು, ಕೂಡಿಸಿ. ಫೌಲ್ ಆದಾಗ ಸಿಗುವ ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಸೇರಿಸಿ. ಆಫೆನ್ಸಿವ್ ರೀಬೌಂಡ್, ಅಂದರೆ ತಮ್ಮದೇ ತಪ್ಪಿದ ಶಾಟ್ ಆದಮೇಲೆ ಚೆಂಡನ್ನು ಮತ್ತೆ ಹಿಡಿದದ್ದನ್ನು, ಕಳೆಯಿರಿ. ಎರಡೂ ತಂಡಗಳಿಗೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬಂತು. ಬರಲೇಬೇಕು ಅಲ್ವಾ, ಒಬ್ಬರ ಸರದಿ ಮುಗಿದರೆ ಇನ್ನೊಬ್ಬರದು! ಈ ಲೆಕ್ಕ ಹೇಳುವುದು ಪಂದ್ಯದ ವೇಗವನ್ನು. 40 ನಿಮಿಷದಲ್ಲಿ ಇಬ್ಬರಿಗೂ ತಲಾ 75 ಸರದಿ ಬಂದರೆ, ಸರಾಸರಿ ಒಂದಕ್ಕೆ 16 ಸೆಕೆಂಡು. ಅದರಲ್ಲಿ ನಿಧಾನ ಮಾಡಿದ್ದು ಯಾರು?

ಮೊಬೈಲ್ ವಿಡಿಯೊ ಹಾಕಿಕೊಂಡು ಸ್ಟಾಪ್‌ವಾಚ್ ಹಿಡಿದೆ. ಎರಡೂ ತಂಡದ ಸಮಯ ಬೇರೆ ಬೇರೆ ಬರೆದೆ. ಸರದಿ ಶುರುವಾದದ್ದು ಎದುರಾಳಿಯಿಂದ ಚೆಂಡು ಕಸಿದ ಸ್ಟೀಲ್‌ನಿಂದಲಾ, ರೀಬೌಂಡ್‌ನಿಂದಲಾ, ಬಾಸ್ಕೆಟ್ ಬಿದ್ದ ಮೇಲಾ ಅನ್ನೋದನ್ನೂ ಪಕ್ಕದಲ್ಲಿ ಬರೆದೆ.

ಉದ್ದದ ಸರದಿಗಳು ಜಾಸ್ತಿ ಎದುರಾಳಿಯವು! ನಮ್ಮದು 2-3 ಝೋನ್ ಡಿಫೆನ್ಸ್: ಮುಂದೆ ಇಬ್ಬರು, ಬಾಸ್ಕೆಟ್ ಹತ್ತಿರ ಮೂವರು ನಿಂತು ತಮ್ಮ ತಮ್ಮ ಜಾಗ ಕಾಯುವುದು. ಒಳಗೆ ದಾರಿ ಸಿಗದೆ ಅವರು ಹೊರಗೇ ಪಾಸ್ ಮಾಡುತ್ತ ಶಾಟ್ ಹಾಕಲು ಇರುವ 24 ಸೆಕೆಂಡಿನ ಗಡುವು (ಶಾಟ್ ಕ್ಲಾಕ್) ಮುಗಿಯುವವರೆಗೂ ಎಳೆಯುತ್ತಿದ್ದರು. ನಮ್ಮ ಡಿಫೆನ್ಸ್ ಗಟ್ಟಿಯಾಗಿದ್ದಕ್ಕೇ ಪಂದ್ಯ ನಿಧಾನ. ಇದನ್ನು ಹೇಳಿದಾಗ ಹುಡುಗಿಯರ ಮುಖ ನೋಡಬೇಕಿತ್ತು.

ನಮ್ಮ ತೊಡಕು ಬೇರೆ ಕಡೆ ಇತ್ತು. ಸ್ಟೀಲ್ ಆದಾಗ ನಾವು ಚುರುಕು. ರೀಬೌಂಡ್ ಆದಾಗ ಅಲ್ಲ. ಬಾಸ್ಕೆಟ್ ಹತ್ತಿರ ಸೆಂಟರ್ ಆಡುವವಳು ಚೆಂಡನ್ನು ಸೊಂಟದವರೆಗೆ ಇಳಿಸಿ, ಆಮೇಲೆ ತಿರುಗಿ ನೋಡುತ್ತಿದ್ದಳು. ಚೆಂಡನ್ನು ಮುಂದೆ ಒಯ್ಯುವ ಪಾಯಿಂಟ್ ಗಾರ್ಡ್ ಅವಳ ಹತ್ತಿರಕ್ಕೇ ಬಂದು ಕೈಯಿಂದ ಇಸಿದುಕೊಳ್ಳುತ್ತಿದ್ದಳು. ಮೂರ್ನಾಲ್ಕು ಸೆಕೆಂಡು ಅಲ್ಲೇ ಹೋಯಿತು. ಅಷ್ಟರಲ್ಲಿ ಎದುರಿನ ಐವರೂ ಹಿಂದೆ ಓಡಿ ನಿಂತಿರುತ್ತಿದ್ದರು. ಇನ್ನು ಎಷ್ಟು ಓಡಿದರೇನು?

ಓಟ ಕಡಿಮೆ ಮಾಡಿ ಇದನ್ನೇ ಅಭ್ಯಾಸ ಮಾಡಿಸಿದೆ. ರೀಬೌಂಡ್ ಸಿಕ್ಕ ಕೂಡಲೇ ಗಾರ್ಡ್ ಫ್ರೀ ಥ್ರೋ ಗೆರೆಯ ನೇರಕ್ಕೆ ಸೈಡ್‌ಲೈನ್ ಹತ್ತಿರ ಹೋಗಿ ನಿಲ್ಲಬೇಕು. ಸೆಂಟರ್ ಚೆಂಡನ್ನು ಗದ್ದಕ್ಕಿಂತ ಕೆಳಗೆ ತರದೆ ಪಾಸ್ ಕೊಡಬೇಕು. ನಡುಗೆರೆ ದಾಟಲು ನಿಯಮ 8 ಸೆಕೆಂಡು ಕೊಡುತ್ತದೆ. ನಾನು ಕೊಟ್ಟದ್ದು 4.

“ಸರ್, ಪ್ರತಿ ಸಲವೂ ಓಡ್ಬೇಕಾ?” ಎಂದು ಗಾರ್ಡ್ ಕೇಳಿದಳು. ಒಳ್ಳೆಯ ಪ್ರಶ್ನೆ. 1990-91ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಅತಿ ವೇಗದ ತಂಡ ಡೆನ್ವರ್ ನಗೆಟ್ಸ್. ಪಂದ್ಯಕ್ಕೆ ಸರಾಸರಿ 130.8 ಪಾಯಿಂಟ್ ಬಿಟ್ಟುಕೊಟ್ಟು, 20 ಗೆದ್ದು 62 ಸೋತಿತು. 2004-05ರಲ್ಲಿ ಅತಿ ವೇಗದ ತಂಡ ಸ್ಟೀವ್ ನ್ಯಾಶ್ ಇದ್ದ ಫೀನಿಕ್ಸ್ ಸನ್ಸ್. ಅದು 62 ಗೆದ್ದು 20 ಸೋತಿತು. ಬರೀ ವೇಗ ಸಾಲದು. ಅದಕ್ಕೇ ಅವಳಿಗೆ ಹೇಳಿದೆ: ಎದುರಿಗೆ ಇಬ್ಬರೇ ಇದ್ದರೆ ನುಗ್ಗು, ಮೂವರು ಬಂದಿದ್ದರೆ ನಿಲ್ಲಿಸಿ ಆಟ ಕಟ್ಟು.

ಮುಂದಿನ ಪಂದ್ಯದಲ್ಲಿ ಒಟ್ಟು ಸರದಿಗಳೇನೂ ಹೆಚ್ಚಲಿಲ್ಲ. ಝೋನ್ ಬಿಟ್ಟಿರಲಿಲ್ಲವಲ್ಲ. ಆದರೆ ರೀಬೌಂಡ್‌ನಿಂದ ನೇರವಾಗಿ ಬಾಸ್ಕೆಟ್ ಬುಡಕ್ಕೆ ನುಗ್ಗಿ ಹಾಕುವ ಲೇಅಪ್‌ಗಳು ಬಂದವು. ಈಗ ಬಾಸ್ಕೆಟ್ ಬಿದ್ದ ಮೇಲೆ ಚೆಂಡು ಒಳಗೆಸೆಯಲು ನಾವು ಎಷ್ಟು ಹೊತ್ತು ತೆಗೆದುಕೊಳ್ಳುತ್ತೇವೆ ಎಂದು ಅಳೆಯುತ್ತಿದ್ದೇನೆ.