ಗ್ರಾಹಕರ ಫೈಲು ನಮ್ಮ ಮೇಜಿಗೆ ಬಂದಾಗ: ಒಬ್ಬ ಫಿಕ್ಸ್ಚರ್ ಡಿಸೈನರ್‌ನ ಅನುಭವ

ಪೀಣ್ಯದ ಒಂದು ಸಣ್ಣ ಟೂಲ್ ರೂಮಿನಲ್ಲಿ ನಾನು ವೆಲ್ಡಿಂಗ್ ಫಿಕ್ಸ್ಚರ್ ಮತ್ತು ಚೆಕಿಂಗ್ ಫಿಕ್ಸ್ಚರ್‌ಗಳ ಡಿಸೈನ್ ಮಾಡುತ್ತೇನೆ. ವಾಹನಗಳ ತಗಡಿನ ಬಿಡಿಭಾಗಗಳನ್ನು ಬೆಸುಗೆಗೋ ಅಳತೆಯ ಪರೀಕ್ಷೆಗೋ ಅಲುಗದಂತೆ ಹಿಡಿದು ನಿಲ್ಲಿಸುವ ಸಲಕರಣೆ ನಮ್ಮದು. ಆ ಬಿಡಿಭಾಗವನ್ನು ಮಾತ್ರ ನಾವು ಎಂದೂ ಬರೆಯುವುದಿಲ್ಲ, ಅದು ಗ್ರಾಹಕರಿಂದ ಫೈಲಿನ ರೂಪದಲ್ಲಿ ಬರುತ್ತದೆ. ಒಬ್ಬೊಬ್ಬ ಗ್ರಾಹಕರು ಒಂದೊಂದು ಸಾಫ್ಟ್‌ವೇರ್ ಬಳಸುವುದರಿಂದ ಒಮ್ಮೆ ಸ್ಟೆಪ್, ಒಮ್ಮೆ ಐಜಿಇಎಸ್ (ಎರಡೂ ಬೇರೆಬೇರೆ ಸಾಫ್ಟ್‌ವೇರುಗಳ ನಡುವೆ ಮಾಡೆಲ್ ಸಾಗಿಸುವ ಫಾರ್ಮ್ಯಾಟ್‌ಗಳು), ಒಮ್ಮೆ ಬರೀ ಗೆರೆಚಿತ್ರದ ಡಿಎಕ್ಸ್‌ಎಫ್, ಹಳೆಯ ಭಾಗವಾದರೆ ಸ್ಕ್ಯಾನ್ ಮಾಡಿದ ಎಸ್‌ಟಿಎಲ್ ಕೈಗೆ ಸಿಗುತ್ತದೆ. ನಾನು ಸೇರಿಸುವ ಪ್ರತಿಯೊಂದು ಪಿನ್ನು, ಭಾಗ ಕೂರುವ ಪ್ರತಿಯೊಂದು ರೆಸ್ಟ್ ಪ್ಯಾಡು ಆ ಫೈಲನ್ನು ನಂಬಿ ನಿಲ್ಲುವುದರಿಂದ, ಇಂಪೋರ್ಟ್ ಮಾಡುವ ಮೊದಲ ಒಂದು ಗಂಟೆಯ ಕೆಲಸವನ್ನು ನಾನು ಇಡೀ ಡಿಸೈನ್‌ನಷ್ಟೇ ಮುಖ್ಯವೆಂದು ಎಣಿಸುತ್ತೇನೆ.

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುವ ಪ್ರಶ್ನೆ ಒಂದೇ: ಫೈಲು ತೆರೆದುಕೊಂಡಿತು, ಆದರೆ ಸ್ಕೆಚ್ಚುಗಳೆಲ್ಲ ಎಲ್ಲಿ ಹೋದವು? ಅವು ಬರುವುದೇ ಇಲ್ಲ. ಯಾವ ಸ್ಕೆಚ್ಚಿನಿಂದ ಎಷ್ಟು ಎಳೆದರು, ಯಾವ ತೂತನ್ನು ಯಾವ ಕ್ರಮದಲ್ಲಿ ಕೊರೆದರು ಎಂಬುದು ಆಯಾ ಸಾಫ್ಟ್‌ವೇರಿನ ಒಳಗಿನ ವಿಷಯ. ಸ್ಟೆಪ್ ಫೈಲು ಸಾಮಾನ್ಯವಾಗಿ ಹೊತ್ತು ತರುವುದು ಕೊನೆಗೆ ಉಳಿದ ಆಕಾರವನ್ನು ಮಾತ್ರ, ಅಂದರೆ ಮೇಲ್ಮೈಗಳು, ಅವು ಕೂಡುವ ಅಂಚುಗಳು, ಅಂಚುಗಳ ತುದಿಯ ಬಿಂದುಗಳು. ಮೂಲದಲ್ಲಿ ಎಂ8 ತೂತಾಗಿದ್ದದ್ದು (8 ಮಿ.ಮೀ. ಬೋಲ್ಟಿನದು) ನಮ್ಮ ಪರದೆಯಲ್ಲಿ ಬರೀ ಒಂದು ಸಿಲಿಂಡರ್ ಮೇಲ್ಮೈ. ಅದಕ್ಕೆ ಥ್ರೆಡ್ ಇದೆಯೋ ಇಲ್ಲವೋ ಎಂಬುದನ್ನು ಡ್ರಾಯಿಂಗಿನಲ್ಲಿಯೇ ನೋಡಿಕೊಳ್ಳಬೇಕು.

ಸ್ಟೆಪ್ ಫೈಲು ಬಂದ ಕೂಡಲೇ ನಾನು ಅದನ್ನು ಮೊದಲು ನೋಟ್‌ಪ್ಯಾಡಿನಲ್ಲಿ ತೆರೆಯುತ್ತೇನೆ. ಐಎಸ್‌ಒ 10303 ಎಂಬ ಮಾನದಂಡದ ಮೊದಲ ಭಾಗಗಳು 1994ರಲ್ಲಿ ಪ್ರಕಟವಾದವು; ಅದರ 21ನೆಯ ಭಾಗದ ಪ್ರಕಾರ ಈ ಫೈಲು ಸಾದಾ ಪಠ್ಯ, ಯಾರು ಬೇಕಾದರೂ ಓದಬಹುದು. ಮೇಲಿನ ಹತ್ತಿಪ್ಪತ್ತು ಸಾಲುಗಳಲ್ಲಿ ಫೈಲಿನ ಹೆಸರು, ಅದು ಹೊರಬಂದ ದಿನಾಂಕ ಮತ್ತು ಸಮಯ, ಬರೆದ ಸಾಫ್ಟ್‌ವೇರ್, ಬಳಸಿದ ಸ್ಕೀಮಾ (ಮಾಹಿತಿಯನ್ನು ಜೋಡಿಸಿರುವ ನಿಯಮ) ಇರುತ್ತವೆ. ಸ್ಕೀಮಾದ ಸಾಲಿನಲ್ಲಿ ಕಾನ್ಫಿಗ್ ಕಂಟ್ರೋಲ್ ಡಿಸೈನ್ ಎಂದಿದ್ದರೆ ಅದು ಮಾನದಂಡದ ಎಪಿ 203 ಎಂಬ ಭಾಗ, ಆಟೋಮೋಟಿವ್ ಡಿಸೈನ್ ಎಂದಿದ್ದರೆ ಎಪಿ 214. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಮತ್ತು ಡೇಟಂ (ಅಳತೆಗೆ ಆಧಾರವಾದ ಜಾಗ) ಗುರುತುಗಳು ಮಾಡೆಲ್‌ನ ಜೊತೆಗೇ ಬರಬೇಕಾದರೆ ಸಾಮಾನ್ಯವಾಗಿ ಎಪಿ 242 ಬೇಕು. ಕೆಳಗೆ ಉದ್ದದ ಮಾನ ಹುಡುಕಿದರೆ ಮಿಲಿ ಮತ್ತು ಮೀಟರ್ ಎಂಬ ಎರಡು ಪದಗಳು ಒಂದೇ ಸಾಲಿನಲ್ಲಿ ಸಿಗುತ್ತವೆ. ಇಂಚಿನ ಫೈಲಾದರೆ ಸಾಮಾನ್ಯವಾಗಿ 25.4 ಎಂಬ ಸಂಖ್ಯೆ ಅಲ್ಲೇ ಕಾಣುತ್ತದೆ. ಒಮ್ಮೆ ಹೆಸರಿನಲ್ಲಿ ರಿವಿಷನ್ ‘ಸಿ’ ಎಂದಿದ್ದ ಫೈಲೊಂದರ ತಲೆಸಾಲಿನ ದಿನಾಂಕ, ನಮ್ಮಲ್ಲಿ ಆಗಲೇ ಇದ್ದ ‘ಬಿ’ ಫೈಲಿನ ದಿನಾಂಕಕ್ಕಿಂತ ಎರಡು ವಾರ ಹಿಂದಿನದಾಗಿತ್ತು. ಫೋನ್ ಮಾಡಿ ಕೇಳಿದಾಗ ಅವರು ಹಳೆಯ ಮಾಡೆಲ್‌ಗೆ ಹೊಸ ಹೆಸರು ಕೊಟ್ಟು ಕಳಿಸಿದ್ದು ತಿಳಿಯಿತು. ಸಾಫ್ಟ್‌ವೇರಿನಲ್ಲಿ ನೇರವಾಗಿ ತೆರೆದಿದ್ದರೆ ಆ ತಪ್ಪು ಉಕ್ಕಿನ ಪ್ಲೇಟಿನವರೆಗೂ ಹೋಗುತ್ತಿತ್ತು.

ಡಿಎಕ್ಸ್‌ಎಫ್ ವಿಷಯದಲ್ಲಿ ನಾನು ಕಲಿತದ್ದು ನಷ್ಟ ಮಾಡಿಕೊಂಡು. ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನ ಮೊದಲ ಆವೃತ್ತಿಯೊಂದಿಗೆ 1982ರಲ್ಲಿ ಬಂದ ಈ ಫಾರ್ಮ್ಯಾಟ್ ಇಂದಿಗೂ ಲೇಸರ್ ಕಟಿಂಗ್‌ನವರ ದಿನನಿತ್ಯದ ಭಾಷೆ. ಇದೂ ಪಠ್ಯವೇ; ತಲೆಭಾಗದಲ್ಲಿ ‘ಇನ್ಸ್‌ಯೂನಿಟ್ಸ್’ ಎಂಬ ಹೆಸರು, ಅದರ ಕೆಳಗೆ 70, ಅದರ ಕೆಳಗೆ ಒಂದು ಅಂಕಿ ಇರುತ್ತದೆ. ಅದು 1 ಆದರೆ ಇಂಚು, 4 ಆದರೆ ಮಿಲಿಮೀಟರ್, 6 ಆದರೆ ಮೀಟರ್, 0 ಆದರೆ ಯಾವ ಮಾನವನ್ನೂ ಹೇಳಿಲ್ಲವೆಂದು ಅರ್ಥ. ಮಾನ ತಪ್ಪಿದರೆ ಚಿತ್ರ ಇಪ್ಪತ್ತೈದು ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಆದ್ದರಿಂದ ಅದು ಕಣ್ಣಿಗೆ ಬೀಳದೆ ಇರುವುದಿಲ್ಲ. ನನಗೆ ಪೆಟ್ಟು ಬಿದ್ದದ್ದು ಅಲ್ಲಿ ಅಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಒಂದಕ್ಕೆ ಎರಡರ ಸ್ಕೇಲಿನಲ್ಲಿ ಕೂರಿಸಿದ್ದ ನೋಟವನ್ನು ಗ್ರಾಹಕರು ಹಾಗೆಯೇ ಡಿಎಕ್ಸ್‌ಎಫ್ ಮಾಡಿ ಕಳಿಸಿದ್ದರು. 20 ಮಿ.ಮೀ. ತೂತು 10 ಆಗಿ ಬಂದಿತ್ತು, 10 ಎಂಬುದು ನೋಡುವವರಿಗೆ ಸಹಜವಾದ ಅಳತೆಯೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. 12 ಮಿ.ಮೀ. ದಪ್ಪದ ಆರು ಪ್ಲೇಟುಗಳು ಅರ್ಧ ಗಾತ್ರದಲ್ಲಿ ಕಟ್ ಆಗಿ ಬಂದು ನಮ್ಮ ಬಾಗಿಲಲ್ಲಿ ಕುಳಿತವು. ಅಂದಿನಿಂದ ಯಾವ ಫೈಲು ಬಂದರೂ ಅದರ ಜೊತೆ ಬಾಯಿಮಾತಿನಲ್ಲಾದರೂ ಒಂದು ಅಳತೆಯನ್ನು, ಎರಡು ತೂತುಗಳ ನಡುವಿನ ದೂರವನ್ನೋ ಪೂರ್ತಿ ಉದ್ದವನ್ನೋ ಕೇಳಿ ಬರೆದುಕೊಳ್ಳುತ್ತೇನೆ, ಮತ್ತು ಫೈಲು ತೆರೆದ ಮೇಲೆ ಮಾಡುವ ಮೊದಲ ಕೆಲಸ ಆ ಒಂದನ್ನು ಅಳೆಯುವುದು.

ಇದಲ್ಲದೆ ಡಿಎಕ್ಸ್‌ಎಫ್‌ನಲ್ಲಿ ಒಂದರ ಮೇಲೊಂದು ಕೂತ ಜೋಡಿಗೆರೆಗಳು ಕಣ್ಣಿಗೆ ಕಾಣುವುದಿಲ್ಲ, ಆದರೆ ಲೇಸರ್ ಅದೇ ದಾರಿಯಲ್ಲಿ ಎರಡು ಸಲ ಹೋಗಿ ಅಂಚನ್ನು ಸುಡುತ್ತದೆ. ಆಟೋಕ್ಯಾಡ್‌ನ ಓವರ್‌ಕಿಲ್ ಆಜ್ಞೆ ಇವನ್ನು ಒರೆಸಿಹಾಕುತ್ತದೆ. ಹಳೆಯ ಆರ್12 ಆವೃತ್ತಿಯಲ್ಲಿ ಉಳಿಸಿದ ಫೈಲಾದರೆ ಇನ್ನೊಂದು ತೊಡಕಿದೆ: ಆ ಆವೃತ್ತಿಗೆ ಸ್ಪ್ಲೈನ್ ಎಂಬುದೇ ಗೊತ್ತಿಲ್ಲದ ಕಾರಣ ನುಣುಪಾದ ಬಾಗು ನೂರಾರು ಚಿಕ್ಕ ನೇರಗೆರೆಗಳಾಗಿ ಬರುತ್ತದೆ. ಅಂಥ ಕಡೆ ನಾನು ಆ ತುಂಡುಗಳ ಮೇಲೆ ಕೆಲವೇ ಆರ್ಕ್‌ಗಳನ್ನು ಹೊಸದಾಗಿ ಎಳೆದು, ಎರಡರ ನಡುವೆ 0.02 ಮಿ.ಮೀ.ಗಿಂತ ಹೆಚ್ಚು ಅಂತರ ಬರದಂತೆ ನೋಡಿಕೊಳ್ಳುತ್ತೇನೆ.

ಹೆಚ್ಚು ಸಮಯ ತಿನ್ನುವುದು ಐಜಿಇಎಸ್. ಈ ಮಾನದಂಡ 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು, 1996ರ 5.3 ಆವೃತ್ತಿಯ ನಂತರ ಮುಂದಕ್ಕೆ ಬೆಳೆಯಲಿಲ್ಲ. ಫೈಲನ್ನು ತೆರೆದರೆ ಪ್ರತಿ ಸಾಲೂ ಸರಿಯಾಗಿ 80 ಅಕ್ಷರ. ಪಂಚ್ ಕಾರ್ಡುಗಳ ಕಾಲದ ಗುರುತು ಇನ್ನೂ ಅದರ ಮೈಮೇಲಿದೆ. ಇದರಲ್ಲಿ ಸಾಲಿಡ್, ಅಂದರೆ ಒಳಗೂ ತುಂಬಿದ ಘನ ಆಕಾರ, ಬರೆಯಲು ಅವಕಾಶವಿದ್ದರೂ ನನ್ನ ಕೈಗೆ ಬರುವ ಫೈಲುಗಳಲ್ಲಿ ಬಹುಪಾಲು ಬಿಡಿಬಿಡಿ ಮೇಲ್ಮೈಗಳೇ ಇರುತ್ತವೆ, ಪ್ರತಿ ಮೇಲ್ಮೈಗೂ ಅದರದೇ ಅಂಚು, ಪಕ್ಕದ್ದರ ಪರಿಚಯವೇ ಇಲ್ಲದಂತೆ.

ಕಳೆದ ವರ್ಷ ಮಾಡಿದ ಒಂದು ಬ್ರಾಕೆಟ್‌ನ ಉದಾಹರಣೆ ಹೇಳುತ್ತೇನೆ. 1.2 ಮಿ.ಮೀ. ತಗಡಿನಿಂದ ಪ್ರೆಸ್ ಮಾಡಿದ, ಎರಡು ಕಡೆ ಫ್ಲ್ಯಾಂಜ್ (ಮಡಿಸಿದ ಅಂಚು) ಇರುವ, ತೊಟ್ಟಿಯ ಆಕಾರದ ಭಾಗ ಅದು. ತಗಡಿನ ಭಾಗಗಳಲ್ಲಿ ವಾಡಿಕೆಯಿರುವಂತೆ ಗ್ರಾಹಕರು ಒಂದೇ ಬದಿಯ ಮೇಲ್ಮೈಯನ್ನು ಕೊಟ್ಟಿದ್ದರು, ದಪ್ಪವನ್ನು ನಾವು ಸೇರಿಸಿಕೊಳ್ಳಬೇಕಿತ್ತು. ತೆರೆದಾಗ 386 ಮೇಲ್ಮೈಗಳು ಬಂದವು. ಅವನ್ನು ಒಂದೇ ಹಾಳೆಯಾಗಿ ಹೊಲಿಯಬೇಕು. ಹೊಲಿಗೆಗೆ ಎಷ್ಟು ಅಂತರವನ್ನು ಮನ್ನಿಸಬೇಕೆಂದು ಸಾಫ್ಟ್‌ವೇರ್ ಕೇಳುತ್ತದೆ. ಬೇಸರದಲ್ಲಿ 0.5 ಎಂದು ಕೊಟ್ಟುಬಿಟ್ಟರೆ ಎಲ್ಲವೂ ಒಂದೇ ಏಟಿಗೆ ಕೂಡಿಕೊಂಡಂತೆ ಕಾಣುತ್ತದೆ, ಆದರೆ ಅಷ್ಟರಲ್ಲಿ ಅರ್ಧ ಮಿಲಿಮೀಟರ್ ಅಗಲದ ಸಣ್ಣ ಮೇಲ್ಮೈಗಳು ನುಚ್ಚಾಗಿ, ಮುಂದೆ ದಪ್ಪ ಕೊಡುವಾಗ ಮಾಡೆಲ್ ಒಡೆದುಹೋಗುತ್ತದೆ. ನಾನು 0.005ರಿಂದ ಆರಂಭಿಸಿ ತೆರೆದ ಅಂಚುಗಳನ್ನು ಪ್ರತ್ಯೇಕ ಬಣ್ಣದಲ್ಲಿ ಕಾಣುವಂತೆ ಇಟ್ಟುಕೊಂಡು, 0.01, 0.02 ಎಂದು ಮೆಲ್ಲಗೆ ಏರಿಸುತ್ತ ಹೋದೆ. 0.05ರ ಹೊತ್ತಿಗೆ ಭಾಗದ ಹೊರ ಅಂಚು ಮತ್ತು ತೂತುಗಳ ಅಂಚು, ಅಂದರೆ ತೆರೆದೇ ಇರಬೇಕಾದ ಅಂಚುಗಳನ್ನು ಬಿಟ್ಟು ಎರಡು ಜಾಗಗಳು ಮಾತ್ರ ಉಳಿದವು.

ಮೊದಲನೆಯ ಜಾಗದಲ್ಲಿ ಮೂಲೆಯ ಬಾಗಿನ ಒಂದು ಮೇಲ್ಮೈ ಬಂದೇ ಇರಲಿಲ್ಲ. ಸುತ್ತಲಿನ ನಾಲ್ಕು ಅಂಚುಗಳನ್ನು ಹಿಡಿದು, ಪಕ್ಕದ ಮೇಲ್ಮೈಗಳಿಗೆ ಸ್ಪರ್ಶಕವಾಗಿ ನುಣುಪಾಗಿ ಕೂಡುವಂತೆ ಹೊಸದೊಂದನ್ನು ತುಂಬಿದೆ. ಎರಡನೆಯದರಲ್ಲಿ ಮೇಲ್ಮೈ ಇತ್ತು, ಆದರೆ ಅದನ್ನು ಕತ್ತರಿಸಬೇಕಾದ ಗೆರೆ ಕಳೆದುಹೋಗಿ ಅದು ದರ್ಜಿಯ ಮೇಜಿನ ಮೇಲಿನ ಕತ್ತರಿಸದ ಬಟ್ಟೆಯಂತೆ ಭಾಗದ ಆಚೆಗೂ ಹರಡಿಕೊಂಡಿತ್ತು. ಪಕ್ಕದವುಗಳ ಅಂಚನ್ನೇ ಕತ್ತರಿಯಾಗಿ ಬಳಸಿ ಅದನ್ನು ಸರಿಪಡಿಸಿದೆ. ಬಳಿಕ ನಮ್ಮಲ್ಲಿರುವ ಫ್ರೀಕ್ಯಾಡ್‌ನಲ್ಲಿ ಮಾಡೆಲ್‌ನ ದೋಷ ಹುಡುಕುವ ಚೆಕ್ ಜಿಯೋಮೆಟ್ರಿ ಓಡಿಸಿದೆ. ಹಣ ಕೊಟ್ಟು ಕೊಂಡ ಸಾಫ್ಟ್‌ವೇರ್ ಇದ್ದರೂ ಎರಡನೆಯ ಸಾಕ್ಷಿಯಾಗಿ ಅದನ್ನು ಬಳಸುವುದು ನನ್ನ ರೂಢಿ.

ಇನ್ನು ದಪ್ಪ ಯಾವ ಕಡೆಗೆ? ಹೊರಗೋ ಒಳಗೋ ಎಂಬುದನ್ನು ತಪ್ಪಿದರೆ ಎಲ್ಲ ರೆಸ್ಟ್ ಪ್ಯಾಡುಗಳೂ 1.2 ಮಿ.ಮೀ. ತಪ್ಪುತ್ತವೆ. ದಪ್ಪ ಕೊಟ್ಟ ಮಾಡೆಲ್‌ನ ಗಾತ್ರ 54.1 ಘನ ಸೆಂಟಿಮೀಟರ್ ಬಂತು, ಉಕ್ಕಿನ ಸಾಂದ್ರತೆ 7.85ರಿಂದ ಗುಣಿಸಿದರೆ ಸುಮಾರು 425 ಗ್ರಾಂ. ಗ್ರಾಹಕರು ಕೊಟ್ಟಿದ್ದ ಸ್ಯಾಂಪಲ್ಲನ್ನು ಸ್ಟೋರಿನ ತಕ್ಕಡಿಯಲ್ಲಿಟ್ಟಾಗ 431 ತೋರಿಸಿತು. ತಗಡಿನ ದಪ್ಪ ಸರಿ ಎಂಬುದಕ್ಕೆ ಅಷ್ಟು ಸಾಕು, ಆದರೆ ಯಾವ ಬದಿ ಎಂಬುದನ್ನು ತೂಕ ಹೇಳಲಾರದು. ಫೈಲಿನಲ್ಲಿ ಎರಡು ಫ್ಲ್ಯಾಂಜ್‌ಗಳ ನಡುವಿನ ದೂರ 64.0 ಇತ್ತು. ಸ್ಯಾಂಪಲ್ಲಿನ ಒಳ ಅಗಲಕ್ಕೆ ವರ್ನಿಯರ್ ಹಿಡಿದಾಗ 61.6 ಸಿಕ್ಕಿತು. ಹಾಗಾದರೆ ಕೊಟ್ಟಿರುವುದು ಹೊರಮೈ, ದಪ್ಪ ಒಳಗೆ ಹೋಗಬೇಕು. ಗ್ರಾಹಕರಿಗೆ ಬರೆದು ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿದೆ.

ಇಷ್ಟೆಲ್ಲ ಮಾಡುವಾಗ ನಾನು ಮುಟ್ಟದೆ ಬಿಡುವುದು ಭಾಗ ಕುಳಿತಿರುವ ಜಾಗವನ್ನು. ವಾಹನದ ಭಾಗಗಳು ಕಾರ್ ಲೈನ್‌ನಲ್ಲಿ, ಅಂದರೆ ಇಡೀ ವಾಹನದ ನಿರ್ದೇಶಾಂಕಗಳಲ್ಲಿ ಬರುತ್ತವೆ. ವಾಹನದ ಉದ್ದಕ್ಕೂ ಸಾಗುವ ನಡುಗೆರೆ ವೈ ಸೊನ್ನೆ, ಈ ಬ್ರಾಕೆಟ್ ಮೂಲಬಿಂದುವಿನಿಂದ ಎಕ್ಸ್ ದಿಕ್ಕಿನಲ್ಲಿ ಎರಡು ಮೀಟರಿಗೂ ದೂರವಿತ್ತು. ವೃತ್ತಿಯ ಮೊದಲ ವರ್ಷಗಳಲ್ಲಿ ಅಂಥ ಭಾಗವೊಂದನ್ನು ಕೆಲಸಕ್ಕೆ ಅನುಕೂಲವೆಂದು ಮೂಲಬಿಂದುವಿಗೆ ಎಳೆದುಕೊಂಡು, ಸ್ವಲ್ಪ ತಿರುಗಿಸಿಯೂ ಫಿಕ್ಸ್ಚರ್ ಮುಗಿಸಿದ್ದೆ. ಅಳತೆಗೆ ಹೋದ ದಿನ ಸಿಎಂಎಂ ಎಂಬ ಅಳತೆಯ ಯಂತ್ರ ನಡೆಸುವವರು ಬಂದು, “ಸಾರ್, ಫಿಕ್ಸ್ಚರ್ ಏನೋ ಚೆನ್ನಾಗೇ ಇದೆ, ಆದ್ರೆ ಕಸ್ಟಮರ್ ಕೊಟ್ಟಿರೋ ಪಾಯಿಂಟ್ ಒಂದೂ ಮ್ಯಾಚ್ ಆಗ್ತಿಲ್ಲ, ಯಾವುದಕ್ಕೆ ಅಲೈನ್ ಮಾಡ್ಲಿ?” ಎಂದು ಕೇಳಿದರು. ಎಷ್ಟು ಸರಿಸಿದ್ದೆ, ಎಷ್ಟು ಡಿಗ್ರಿ ತಿರುಗಿಸಿದ್ದೆ ಎಂಬುದನ್ನು ನಾನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎರಡು ದಿನ ಹಿಂದುಹಿಂದಕ್ಕೆ ಲೆಕ್ಕ ಹಾಕಬೇಕಾಯಿತು. ಜಾಗ ಉಳಿಸಿಕೊಂಡರೆ ಇನ್ನೊಂದು ಲಾಭವೂ ಇದೆ: ಎಡಗಡೆಯ ಭಾಗದ ಫಿಕ್ಸ್ಚರ್ ಮುಗಿದ ಮೇಲೆ, ಭಾಗಗಳು ಒಂದಕ್ಕೊಂದು ಪ್ರತಿಬಿಂಬವಾಗಿದ್ದರೆ, ಅದನ್ನು ವೈ ಸೊನ್ನೆ ತಲದಲ್ಲಿ ಮಿರರ್ ಮಾಡಿದರೆ ಬಲಗಡೆಯದು ತನ್ನ ಜಾಗದಲ್ಲೇ ಕೂರುತ್ತದೆ.

ಎಸ್‌ಟಿಎಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಇರುವುದು ತ್ರಿಕೋನಗಳು ಮಾತ್ರ, ಅಳತೆಯ ಮಾನವೂ ಇಲ್ಲ. ಬೈನರಿ ಫೈಲಾದರೆ ತಲೆಭಾಗದ 84 ಬೈಟ್ ಬಿಟ್ಟು ಪ್ರತಿ ತ್ರಿಕೋನಕ್ಕೆ 50 ಬೈಟ್ ಇರುವುದರಿಂದ, ಒಂದು ಕೋಟಿ ಬೈಟಿನ ಫೈಲಿನಲ್ಲಿ ಸುಮಾರು ಎರಡು ಲಕ್ಷ ತ್ರಿಕೋನಗಳಿವೆ ಎಂದು ತೆರೆಯುವ ಮೊದಲೇ ತಿಳಿಯುತ್ತದೆ. ಅದನ್ನು ಸಾಲಿಡ್‌ಗೆ ಬದಲಿಸಲು ಹೊರಟರೆ ಎರಡು ಲಕ್ಷ ಚಪ್ಪಟೆ ಮುಖಗಳ ಭಾರಕ್ಕೆ ಕಂಪ್ಯೂಟರ್ ಕುಸಿಯುತ್ತದೆ. ನಾನು ಅದನ್ನು ಹಿನ್ನೆಲೆಯಲ್ಲಿ ಇಟ್ಟುಕೊಂಡು, ಬೇಕಾದ ಕಡೆ ಅಡ್ಡಕೊಯ್ತ ತೆಗೆದು, ಆ ಗೆರೆಗಳ ಮೇಲೆ ನನ್ನದೇ ಮೇಲ್ಮೈಗಳನ್ನು ಕಟ್ಟುತ್ತೇನೆ.

ಆಟೋಕ್ಯಾಡ್‌ನ ಸ್ವಂತ ಫಾರ್ಮ್ಯಾಟಾದ ಡಿಡಬ್ಲ್ಯುಜಿ ನಮಗೆ ಬರುವುದು ಹೆಚ್ಚಾಗಿ ಕಾರ್ಖಾನೆಯ ಲೇಔಟ್ ರೂಪದಲ್ಲಿ, ಫಿಕ್ಸ್ಚರ್ ಎಲ್ಲಿ ಕೂರಬೇಕೆಂದು ತೋರಿಸಲು. ಒಂದು ಸಲ ಲೇಔಟಿನ ಕೋಣೆಗಳ ಹೆಸರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡವು. ಫೈಲು ಕೆಟ್ಟಿರಲಿಲ್ಲ, ಬರೆದವರು ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದು) ಬಳಸಿದ್ದರು, ಅದು ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ. ಫಾಂಟ್ ಹಾಕಿ ಮತ್ತೆ ತೆರೆದಾಗ ‘ಬಣ್ಣದ ಕೋಣೆ’, ‘ಗೋದಾಮು’ ಎಂದು ಅಚ್ಚುಕಟ್ಟಾಗಿ ಓದಲು ಬಂತು.

ಆ ಬ್ರಾಕೆಟ್‌ಗೆ ಹಿಂತಿರುಗುತ್ತೇನೆ. ಇಂಪೋರ್ಟ್ ಆದ ಭಾಗದ ಮುಖಗಳಿಗೆ ನಾನು ಪಿನ್ನುಗಳನ್ನೂ ಪ್ಯಾಡುಗಳನ್ನೂ ನೇರವಾಗಿ ಕಟ್ಟಿಹಾಕುವುದಿಲ್ಲ. ಹೊಸ ರಿವಿಷನ್ ಬಂದಾಗ ಸಾಫ್ಟ್‌ವೇರಿನ ಕಣ್ಣಿಗೆ ಹಳೆಯ ಮುಖಗಳೆಲ್ಲ ಹೋಗಿ ಬೇರೆಯವೇ ಬಂದಂತಾಗಿ, ಅವುಗಳನ್ನು ನಂಬಿದ ಕಟ್ಟುಗಳೆಲ್ಲ ಕಳಚಿಬೀಳುತ್ತವೆ. ಆದ್ದರಿಂದ ಡೇಟಂ ಪಟ್ಟಿಯಲ್ಲಿರುವ ನಿರ್ದೇಶಾಂಕಗಳನ್ನು ಟೈಪ್ ಮಾಡಿ ನನ್ನದೇ ಬಿಂದುಗಳನ್ನೂ ತಲಗಳನ್ನೂ ಮಾಡಿಕೊಂಡು, ಫಿಕ್ಸ್ಚರನ್ನು ಅವುಗಳ ಮೇಲೆ ನಿಲ್ಲಿಸುತ್ತೇನೆ. ಅದು ಮೊದಲಿಗೆ ಅರ್ಧ ದಿನದ ಹೆಚ್ಚಿನ ಕೆಲಸ. ಫಿಕ್ಸ್ಚರ್ ಮುಕ್ಕಾಲು ಮುಗಿದಾಗ ಗ್ರಾಹಕರಿಂದ ತಿದ್ದಿದ ಫೈಲು ಬಂತು, ಈ ಬಾರಿ ನಾವು ಕೇಳಿಕೊಂಡಂತೆ ಸ್ಟೆಪ್‌ನಲ್ಲಿ, ದಪ್ಪವನ್ನೂ ಸೇರಿಸಿದ ಸಾಲಿಡ್ ಆಗಿ. ಹಳೆಯ ಭಾಗವನ್ನೂ ಹೊಸದನ್ನೂ ಒಂದೇ ಜಾಗದಲ್ಲಿ ತೆರೆದು, ಹೊಸದರಿಂದ ಹಳೆಯದನ್ನು ಕಳೆದೆ. ಉಳಿದದ್ದು ಒಂದು ಫ್ಲ್ಯಾಂಜ್‌ನ ಉದ್ದಕ್ಕೂ 0.8 ಮಿ.ಮೀ. ದಪ್ಪದ ತೆಳುವಾದ ಪಟ್ಟಿ ಮಾತ್ರ. ಆ ಫ್ಲ್ಯಾಂಜ್ ಕೂರುವ ಎರಡು ಪ್ಯಾಡುಗಳ ಮುಖವನ್ನು ಅಷ್ಟು ಸರಿಸಿ, ಭಾಗವನ್ನು ಬದಲಿಸಿದೆ. ಉಳಿದ ಹದಿನಾಲ್ಕು ಪ್ಯಾಡುಗಳೂ ಎರಡು ಪಿನ್ನುಗಳೂ ಇದ್ದಲ್ಲೇ ಇದ್ದವು, ಮತ್ತು ಸರಿಸಿದ ಎರಡು ಪ್ಯಾಡುಗಳ ಹೊಸ ಪ್ರೋಗ್ರಾಂ ಅಂದು ಸಂಜೆಯೇ ವಿಎಂಸಿ ಎಂಬ ಮಿಲ್ಲಿಂಗ್ ಯಂತ್ರಕ್ಕೆ ಹೋಯಿತು.