ಜಗಲಿಯ ಚೌಕಾಬಾರದಿಂದ ಕೋಡಿಂಗ್‌ವರೆಗೆ

ಮಗನಿಗೆ ಆರು ತುಂಬಿದಾಗ, ಕೋಡಿಂಗ್ ಅಂದರೆ ಯಂತ್ರಕ್ಕೆ ಹಂತಹಂತವಾಗಿ ಆಜ್ಞೆ ಬರೆಯುವುದನ್ನು ಕಲಿಯಲಿ ಎಂದು 3,200 ರೂಪಾಯಿ ಕೊಟ್ಟು ಒಂದು ಆಟಿಕೆ ರೋಬೋ ತರಿಸಿದ್ದೆ. ಅದು ಅಲುಗಾಡಬೇಕಾದರೂ ಮೊಬೈಲ್‌ನಲ್ಲಿ ಅದರದೇ ಆ್ಯಪ್ ತೆರೆಯಬೇಕು, ಆ್ಯಪ್ ತೆರೆಯಲು ನೆಟ್ ಬೇಕು. ಶಿರಸಿಯಿಂದ ಒಳಗಿರುವ ನಮ್ಮ ಊರಿನಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಹಿಂದೆಯೇ ನೆಟ್ಟೂ ಹೋಗುತ್ತದೆ. ಹತ್ತೇ ದಿನಕ್ಕೆ ರೋಬೋ ಕಪಾಟು ಸೇರಿತು. ಹಣ ಹೋಯಿತೆಂಬ ಬೇಸರ ಬೇಗ ಮರೆಯಿತು. ‘ಇದು ನನಗೆ ಬರುವುದಿಲ್ಲ ಆಯಿ’ ಎಂದ ಮಗನ ಮಾತು ಮಾತ್ರ ಮರೆಯಲಿಲ್ಲ.

ಆಮೇಲೆ ಒಂದು ವರ್ಷ ಏನನ್ನೂ ಕೊಳ್ಳಲಿಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಐದೈದು ಮನೆ ಬರೆದೆ. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಬಾಣದ ಗುರುತು ಹಾಕಿದೆ: ಮುಂದೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಮಗ ಚೀಟಿಗಳನ್ನು ಸಾಲಾಗಿ ಜೋಡಿಸಬೇಕು, ನಾನು ಅದರಂತೆಯೇ ಕಾಯಿ ನಡೆಸಬೇಕು, ನಡುವೆ ಯಾರೂ ಬಾಯಿ ಬಿಡಬಾರದು. ದಾರಿ ತಪ್ಪಿದರೆ ಎಲ್ಲವನ್ನೂ ಕೆಡಿಸುವಂತಿಲ್ಲ. ತಪ್ಪಿದ ಚೀಟಿಯನ್ನು ಹುಡುಕಿ ಅದೊಂದನ್ನೇ ಬದಲಿಸಬೇಕು. ಒಂದು ಸಂಜೆಯಿಡೀ ‘ಬಲಕ್ಕೆ’ ಎಂದರೆ ಕುಳಿತವನ ಬಲವೋ ಕಾಯಿಯ ಬಲವೋ ಎಂಬ ವಾದವೇ ನಡೆಯಿತು. ಕೊನೆಗೆ ಮಗ ಕಾಯಿಗೆ ಇದ್ದಿಲಿನಿಂದ ಮೂಗು ಬರೆದ. ಕಾಸು ಖರ್ಚಿಲ್ಲದೆ ಕಲಿತ ಈ ಪಾಠವನ್ನು ಆ ರೋಬೋ ಕಲಿಸಿರಲಿಲ್ಲ.

ಈಗ ಮಗಳಿಗೆ ಆರು ವರ್ಷ. ಅವಳಿಗೆ ಹಳೆಯ ಟ್ಯಾಬ್‌ನಲ್ಲಿ ಸ್ಕ್ರ್ಯಾಚ್‌ಜೂನಿಯರ್ ಹಾಕಿಕೊಟ್ಟಿದ್ದೇನೆ. ಐದರಿಂದ ಏಳು ವರ್ಷದವರಿಗಾಗಿ ಮಾಡಿದ ಕೋಡಿಂಗ್ ಆ್ಯಪ್ ಅದು, ಪೂರ್ತಿ ಉಚಿತ. ಆಜ್ಞೆಗಳೆಲ್ಲ ಚಿತ್ರದಲ್ಲಿರುವುದರಿಂದ ಇಂಗ್ಲಿಷ್ ಓದಲು ಬಾರದ ಮಗುವಿಗೂ ತೊಡಕಿಲ್ಲ; ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಮಾರಿಕಾಂಬಾ ಜಾತ್ರೆಯಲ್ಲಿ ಕಂಡ ದೊಡ್ಡ ತೊಟ್ಟಿಲನ್ನು ಅವಳೇ ಬರೆದು ತಿರುಗಿಸಲು ಹೊರಟಳು. ತಿರುಗುವ ಆಜ್ಞೆಯ ಬ್ಲಾಕಿನಲ್ಲಿ 1 ಎಂದಿಟ್ಟರೆ ತೊಟ್ಟಿಲು ಸ್ವಲ್ಪ ವಾಲಿ ನಿಂತಿತು. 5 ಇಟ್ಟಳು, 10 ಇಟ್ಟಳು, ಇನ್ನೂ ಸುತ್ತು ಮುಗಿಯಲಿಲ್ಲ. 12 ಇಟ್ಟಾಗ ಸರಿಯಾಗಿ ಒಂದು ಸುತ್ತು ಬಂತು. ಗೋಡೆಯ ಗಡಿಯಾರ ನೋಡಿ, ‘ಅದರಲ್ಲೂ ಹನ್ನೆರಡೇ ಇದೆ!’ ಎಂದು ಕೂಗಿದಳು. ನಾನು ಹೇಳಿಕೊಡದೆ ಸುಮ್ಮನಿದ್ದದ್ದು ಎಷ್ಟು ಒಳ್ಳೆಯದಾಯಿತು!

ಹೊಸತೇನನ್ನೇ ತರುವ ಮೊದಲು ಈಗ ನಾನು ನೆಟ್ ಆರಿಸಿ ನೋಡುತ್ತೇನೆ. ನಡುನಡುವೆ ಜಾಹೀರಾತು ತೋರಿಸುವುದನ್ನು, ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳುವುದನ್ನು ಅಲ್ಲಿಗೇ ಬಿಡುತ್ತೇನೆ. ಖಾಲಿ ಪುಟದಿಂದ ಮಗು ತನ್ನದೇ ಏನನ್ನಾದರೂ ಮಾಡಲು ಬರುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಕೊಟ್ಟ ಒಗಟು ಬಿಡಿಸಿ ನಕ್ಷತ್ರ ಗಳಿಸುವ ಆ್ಯಪ್‌ಗಳಿಂದ ನನ್ನ ಮಕ್ಕಳು ವಾರದಲ್ಲೇ ಬೇಸತ್ತರು.

ಮಗನಿಗೆ ಒಂಬತ್ತಾಯಿತು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ದೊಡ್ಡ ಮಕ್ಕಳ ಕೋಡಿಂಗ್ ತಾಣವಾದ ಸ್ಕ್ರ್ಯಾಚ್ ಕಲಿತ. ಮುಂದೆ ಮೈಕ್ರೋಬಿಟ್ ಎಂಬ, ಬರೆದ ಆಜ್ಞೆಯಂತೆ ನಡೆಯುವ ಅಂಗೈಯೊಳಗಿನ ಪುಟ್ಟ ಕಂಪ್ಯೂಟರ್ ಹಲಗೆ ಕೇಳಿದಾಗ ನಾನು ತಕ್ಷಣ ಕೊಡಿಸಲಿಲ್ಲ. ಮೇಕ್‌ಕೋಡ್ ತಾಣದಲ್ಲಿ ಅದರ ಸಿಮ್ಯುಲೇಟರ್, ಅಂದರೆ ತೆರೆಯ ಮೇಲೆ ನಡೆಯುವ ಅಣಕು ಹಲಗೆ, ಉಚಿತವಾಗಿದೆ. ಎರಡು ತಿಂಗಳು ಅದರಲ್ಲೇ ಮಾಡಲಿ ಎಂದೆ. ಹಲಗೆಯ ಮೇಲಿನ ದೀಪಗಳೂ ಐದೈದು ಸಾಲು, ಚೌಕಾಬಾರದ ಮನೆಗಳಂತೆ. ಅಲುಗಾಡಿಸಿದರೆ ಕವಡೆಯ ಗರ ಬೀಳಬೇಕೆಂದು ಅವನು 1, 2, 3, 4, 8ರಲ್ಲಿ ಯಾವುದಾದರೂ ಒಂದು ಬರುವಂತೆ ಬರೆದ.

ಅಜ್ಜ ಆಡಿ ನೋಡಿದರು. ‘ತಮಾ, ಬಾರಾ ಇಷ್ಟು ಸಲ ಬೀಳುವುದುಂಟೇ?’ ಎಂದರು. ಬಾರಾ ಎಂದರೆ ಎಂಟರ ಗರ, ನಾಲ್ಕೂ ಕವಡೆ ಮಗುಚಿ ಬಿದ್ದರೆ ಬರುವುದು.

ಮಗ ಡಬ್ಬಿಯಿಂದ ನಿಜವಾದ ಕವಡೆ ತೆಗೆದು ನೂರು ಸಲ ಹಾಕಿ ಬರೆದಿಟ್ಟ. ಎರಡೇ ಹೆಚ್ಚು, ನಾಲ್ಕು ಮತ್ತು ಎಂಟು ಬಲು ಅಪರೂಪ. ಪ್ರತಿ ಕವಡೆಯನ್ನೂ ಬೇರೆಯಾಗಿ ಮೇಲೆ ಅಥವಾ ಕೆಳಗೆ ಬೀಳಿಸಿ, ನಾಲ್ಕನ್ನೂ ಕೂಡಿಸಬೇಕೆಂದು ಅವನಿಗೇ ಹೊಳೆಯಿತು. ಎರಡೂ ಬದಿ ಸಮನಾಗಿ ಬೀಳುವುದಾದರೆ ಬಾರಾ ಬರುವುದು ಸರಾಸರಿ 16ಕ್ಕೆ ಒಂದು ಸಲ. ಅವನ ಮೊದಲ ಬರಹದಲ್ಲಿ 5ಕ್ಕೆ ಒಂದು ಸಲ ಬರುತ್ತಿತ್ತು. ಆ ದಿನವೇ ಹಲಗೆ ತರಿಸಿದೆ. ಬ್ಯಾಟರಿ ಪೆಟ್ಟಿಗೆಯೂ ಸೇರಿ ಸುಮಾರು 2,000 ರೂಪಾಯಿ ಆಯಿತು.

ಈಗ ಕರೆಂಟು ಹೋದ ಸಂಜೆ ಜಗಲಿಯಲ್ಲಿ ಅಜ್ಜ ಕವಡೆಯ ಬದಲು ಅದನ್ನೇ ಅಲುಗಾಡಿಸಿ ಕಾಯಿ ನಡೆಸುತ್ತಾರೆ.